ಗಾಲಿ ಸದ್ದಿಗೆ ಬೈಯುವ ದೆಶಾ ಅತ್ತೆ

ಅದಕ್ಕೇ ನಾನು ಹೇಳೋದು, ನಮ್ಮೂರು ಡುಬ್ರೋವ್ನಿಕ್‌ನ ಕೋಟೆಗೋಡೆ ಆಮೇಲೆ ನೋಡಿದರಾಯಿತು, ಮೊದಲು ನಾವು ಹಿಂದೆ ಇದ್ದ ಮೆಟ್ಟಿಲೋಣಿಯ ದೆಶಾ ಅತ್ತೆಯನ್ನು ನೋಡಬೇಕು. ಬೇಸಿಗೆಯಿಡೀ ಆಕೆ ಕಿಟಕಿಯಲ್ಲೇ ಇರುತ್ತಾಳೆ. ಪ್ರವಾಸಿಗರ ಸೂಟ್‌ಕೇಸಿನ ಗಾಲಿ ಕಲ್ಲಿನ ಮೇಲೆ ಗಡಗಡ ಅಂದರೆ ಸಾಕು, ತಲೆ ಹೊರಗೆ ಬರುತ್ತದೆ. "ಏನಪ್ಪಾ, ಒಳಗೆ ಬೀಗರನ್ನೆಲ್ಲ ತುಂಬ್ಕೊಂಡು ಬಂದಿದ್ದೀಯಾ? ಎತ್ಕೊಂಡು ಹತ್ತು, ಕೈಗೇನು ಬಾಣಂತನವಾ?" ಭಾಷೆ ಬಾರದ ಅವರು ನಕ್ಕು ಆಕೆಯ ಫೋಟೋ ತೆಗೆಯುತ್ತಾರೆ. ಅಕ್ಕಪಕ್ಕದವರೆಲ್ಲ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟು ಊರಾಚೆ ಹೋದರು. ಅತ್ತೆಗೆ ಮಾತ್ರ ಅವು ಇನ್ನೂ ಪೆರೋನ ಮನೆ, ನಿಕೆಯ ಮನೆ. ಓಣಿಯಲ್ಲಿ ಉಳಿದವಳು ಆಕೆಯೊಬ್ಬಳೇ. ಚಳಿಗಾಲ ಬಂತೆಂದರೆ ಬೇರೆ ಒಂದು ಕಿಟಕಿಯೂ ತೆರೆಯುವುದಿಲ್ಲ. ಹೋದ ಜನವರಿಯಲ್ಲಿ ನಾನು ಮೀನು ಕೊಡಲು ಹೋಗಿದ್ದಾಗ ಕೆಳಗೆಲ್ಲೋ ಗಾಲಿ ಸದ್ದು ಕೇಳಿತು. ಅತ್ತೆ ಮಾತು ಅಲ್ಲಿಗೇ ಬಿಟ್ಟು, ಕೂದಲು ಸರಿಮಾಡಿಕೊಂಡು ಕಿಟಕಿಗೆ ಓಡಿದಳು. ಸದ್ದು ಪಕ್ಕದ ಓಣಿಗೆ ತಿರುಗಿಬಿಟ್ಟಿತು. "ದಾರಿ ತಪ್ಪಿರ್ಬೇಕು ಕಣೋ, ವಾಪಸ್ ಬರ್ತಾರೆ" ಅಂದು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ನೀವು ಚಳಿಗಾಲದಲ್ಲೇ ಹೋಗಿ. ಮೆಟ್ಟಿಲು ಬಂದಾಗ ಸೂಟ್‌ಕೇಸ್ ಎತ್ತಿಕೊಳ್ಳಬೇಡಿ, ಎಳೆದುಕೊಂಡೇ ಹತ್ತಿ.