ಕೈ ಕಟ್ಟಿ ನಿಲ್ಲುವ ವಿದ್ಯೆ

ಅವಳು ತೀರಿಕೊಂಡ ಮರುದಿನ ಚಿಕಿತ್ಸಾ ಕೇಂದ್ರದ ಬಾಗಿಲಲ್ಲಿ ಸೇರಿದವರಲ್ಲಿ ಬಹಳ ಮಂದಿಗೆ ಅವಳ ನಿಜವಾದ ಹೆಸರು ಗೊತ್ತಿರಲಿಲ್ಲ. ಗುಂಡಿ ಡಾಕ್ಟರು ಅಂದರೆ ಮಾತ್ರ ಎಲ್ಲರಿಗೂ ಗೊತ್ತು.

ಆ ಹೆಸರಿಟ್ಟಿದ್ದು ಒಂದು ತಪ್ಪು ತಿಳಿವಳಿಕೆ. ಅವಳು ಈ ಊರಿಗೆ ಬಂದ ಹೊಸದರಲ್ಲಿ ಮನೆಯೊಡತಿ ಕೇಳಿದ್ದಳು, "ಅದೇನಮ್ಮ ನಿಮ್ಮ ಕೆಲಸ? ಹೇಳೋಷ್ಟರಲ್ಲಿ ಉಸಿರು ಕಟ್ಟತ್ತೆ."

"ಆಕ್ಯುಪೇಷನಲ್ ಥೆರಪಿ ಅಂತಾರೆ. ಲಕ್ವ ಹೊಡೆದವರಿಗೆ, ಕೈ ಮುರಿದವರಿಗೆ ದಿನಾ ಮಾಡೋ ಕೆಲಸ ಮತ್ತೆ ಕಲಿಸೋದು. ಚಮಚ ಹಿಡಿಯೋದು, ಚಿಲಕ ತೆಗೆಯೋದು, ಅಂಗಿ ಗುಂಡಿ ಹಾಕೋದು."

"ಅಂದ್ರೆ ಒಂದನೇ ಕ್ಲಾಸ್ ಟೀಚರ್ರು ಅನ್ನಿ!"

ಮನೆಯೊಡತಿ ಈ ಸುದ್ದಿಯನ್ನು ಮೆಟ್ಟಿಲು ಇಳಿಯುತ್ತ ಹಂಚಿಕೊಂಡು ಹೋದಳು. ನೆಲಮಹಡಿ ಮುಟ್ಟುವಾಗ 'ಗುಂಡಿ' ಹೋಗಿ 'ಗುಂಡಿಗೆ' ಆಗಿತ್ತು. ಸಂಜೆಗೆ ಕೆಳಗಿನ ಮನೆಯ ತಾತ ಎದೆ ಹಿಡಿದುಕೊಂಡು ಮೇಲೆ ಹತ್ತಿ ಬಂದರು.

"ತಾತ, ನಾನು ಗುಂಡಿಗೆ ಡಾಕ್ಟರಲ್ಲ. ಬರೀ ಗುಂಡಿ ಡಾಕ್ಟರು."

"ಅಷ್ಟು ಮೆಟ್ಟಿಲು ಹತ್ತಿಸಿ ಆಮೇಲೆ ಹೇಳ್ತೀಯಲ್ಲ ತಾಯಿ," ಎಂದು ತಾತ ಅಲ್ಲೇ ಹೊಸ್ತಿಲ ಮೇಲೆ ಕುಳಿತು ನಕ್ಕರು. ಹೆಸರು ಅಂಟಿಕೊಂಡಿತು.

ಅವಳು ಬಂದದ್ದು ಅಕ್ಕನಿಗಾಗಿ. ಅಕ್ಕನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ನೋಡಿಕೊಳ್ಳಲು ಇನ್ಯಾರೂ ಇರಲಿಲ್ಲ. ಪಕ್ಕದ ರಾಜ್ಯದ ಆಸ್ಪತ್ರೆಯಲ್ಲಿ ಒಳ್ಳೆಯ ಹೆಸರು ಮಾಡಿದ್ದ ಕೆಲಸವನ್ನು ಬಿಟ್ಟು ಬಂದಳು. ಗಡಿ ದಾಟಿದ ಮೇಲೆ ಅಲ್ಲಿಯ ಲೈಸೆನ್ಸು ಇಲ್ಲಿ ನಡೆಯುವುದಿಲ್ಲ, ಈ ರಾಜ್ಯದ ಮಂಡಳಿ ಮತ್ತೆ ಪರೀಕ್ಷೆ ಮಾಡಬೇಕು ಎಂಬುದು ಅವಳಿಗೆ ತಿಳಿಯದ ಸಂಗತಿಯಲ್ಲ. ಆಗ ಅದು ದೊಡ್ಡದಾಗಿ ಕಾಣಲಿಲ್ಲ, ಅಷ್ಟೆ.

ಅವಳ ಕಸುಬಿಗೆ ಒಂದು ವಿಚಿತ್ರ ನಿಯಮವಿದೆ. ಬೇರೆ ಕಡೆ ಕೈ ಕಟ್ಟಿ ನಿಂತವನು ಸೋಮಾರಿ. ಇಲ್ಲಿ ಕೈ ಕಟ್ಟಿ ನಿಲ್ಲುವುದೇ ವಿದ್ಯೆ. ರೋಗಿ ತಡವರಿಸಲಿ, ಬೆವರಲಿ, ಬಯ್ಯಲಿ, ನೀನು ಕೈ ಹಾಕಬಾರದು. ಹಾಕಿದೆಯೋ, ಅವನ ಕೈ ಮತ್ತೆ ಮಲಗಿತು. ಅಂಗಿ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು ಎಂದು ಬಾಯಲ್ಲಿ ಹೇಳು, ಕಾಯಿ. ಅವಳು ಅದನ್ನು ನೂರಾರು ಜನಕ್ಕೆ ಕಲಿಸಿದ್ದಳು. ಅಕ್ಕನ ಮುಂದೆ ಮಾತ್ರ ಅದು ನಡೆಯಲಿಲ್ಲ.

"ನೀನೇ ಹಾಕ್ಕೊಳ್ಳೇ ಅಕ್ಕ. ಸೋತ ಕೈ ಮೊದಲು."

"ಆಹಾ, ಬಂದ್ಲು ದೊಡ್ಡ ಡಾಕ್ಟರು! ಈ ರಾಜ್ಯದಲ್ಲಿ ನಿಂಗೆ ಲೈಸೆನ್ಸೇ ಇಲ್ವಲ್ಲೇ. ಸುಮ್ನೆ ತಂಗಿ ಥರ ಬಂದು ಸ್ವೆಟರ್ ಹಾಕು. ಚಳಿ."

ಇಬ್ಬರೂ ನಗುತ್ತಿದ್ದರು. ಅವಳು ಮಂಡಿಯೂರಿ ಕುಳಿತು ಕೆಳಗಿನಿಂದ ಮೇಲಕ್ಕೆ ಗುಂಡಿ ಹಾಕುತ್ತಿದ್ದಳು. ಅಕ್ಕ ಎಡಗೈಯಲ್ಲಿ ಅವಳ ತಲೆ ಸವರುತ್ತಿದ್ದಳು. ಆ ಸುಖವನ್ನು ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಅಕ್ಕನ ಬಲಗೈ ಏಳಲೇ ಇಲ್ಲ. ಎರಡನೇ ಸಲ ಹೊಡೆದಾಗ ಅಕ್ಕನೂ ಏಳಲಿಲ್ಲ.

ಆಮೇಲೆ ಆ ಊರಿನಲ್ಲಿ ಅವಳನ್ನು ತಂಗಿ ಎನ್ನುವವರಿರಲಿಲ್ಲ. ಡಾಕ್ಟರು ಎನ್ನಲು ಲೈಸೆನ್ಸಿರಲಿಲ್ಲ. ಎರಡೂ ಅಲ್ಲದ ಮೇಲೆ ತಾನು ಯಾರು ಎಂಬ ಪ್ರಶ್ನೆ ಖಾಲಿ ಕೋಣೆಯಲ್ಲಿ ಹಲ್ಲುನೋವಿನ ಹಾಗೆ ಕೂತಿತ್ತು. ಅಕ್ಕನಿಗೆ ಮಾಡಬೇಕಾಗಿದ್ದನ್ನು ಮಾಡದೆ ಹೋದವಳಿಗೆ ಆ ಕಸುಬು ಇನ್ನೂ ಕೈಯಲ್ಲಿ ಉಳಿದಿದೆಯೇ? ಅದನ್ನು ಮಂಡಳಿಯೇ ಹೇಳಲಿ ಎಂದು ಪರೀಕ್ಷೆಗೆ ಅರ್ಜಿ ಹಾಕಿದಳು.

ಅಲ್ಲಿಯವರೆಗೆ ಕೇಂದ್ರದಲ್ಲಿ ಸಹಾಯಕಿ. ಮೇಜು ಒರೆಸುವುದು, ದಪ್ಪ ಹಿಡಿಯ ಚಮಚಗಳನ್ನು ತೊಳೆದಿಡುವುದು, ಗಾಲಿಕುರ್ಚಿಯ ಚಕ್ರಕ್ಕೆ ಸುತ್ತಿದ ಕೂದಲು ಬಿಡಿಸುವುದು. ಮೇಲ್ವಿಚಾರಕಿ ಅವಳಿಗಿಂತ ತೀರ ಚಿಕ್ಕವಳು, ಒಳ್ಳೆಯ ಹುಡುಗಿ. "ಅಕ್ಕ, ಪ್ಲೀಸ್, ಅವರ ಕೈ ಮುಟ್ಟಬೇಡಿ. ನಾನು ಬರೋ ತನಕ ತಡೀರಿ," ಎನ್ನುವಾಗ ಆ ಹುಡುಗಿಗೇ ನಾಚಿಕೆಯಾಗುತ್ತಿತ್ತು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಅವಳು ಕಿಟಕಿ ಬಳಿಯ ಸ್ಟೂಲಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದಳು. ಯಾರೂ ಬೇಡವೆಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ.

ಪರೀಕ್ಷೆಯ ದಿನ ಮಂಡಳಿಯವರು ಕೂರಿಸಿದ್ದು ಬಲಗೈ ಸೋತ ಒಬ್ಬ ಅಜ್ಜಿಯನ್ನು. ಮಡಿಲಲ್ಲಿ ಒಂದು ಸ್ವೆಟರ್. ಸೋತ ಕೈ ಮೊದಲು, ಎಂದಳು, ಅಜ್ಜಿ ತೂರಿಸಿದರು. ಬೆನ್ನಿನಿಂದ ಎಳೆದುಕೊಳ್ಳಿ ಎಂದಳು, ಎಳೆದುಕೊಂಡರು. ಮೊದಲ ಗುಂಡಿ ಎರಡು ಸಲ ಜಾರಿತು. ಅಜ್ಜಿ ತಲೆಯೆತ್ತಿ, "ನೀನೇ ಹಾಕ್ಬಿಡು ತಂಗಿ," ಎಂದರು.

ಕರೆಸಿಕೊಂಡು ಬಹಳ ಕಾಲವಾಗಿದ್ದ ಶಬ್ದ. ಎಚ್ಚರವಾಗುವಷ್ಟರಲ್ಲಿ ಅವಳು ಮಂಡಿಯೂರಿದ್ದಳು; ಕೆಳಗಿನಿಂದ ಮೇಲಿನ ತನಕ ಎಲ್ಲ ಗುಂಡಿ ಹಾಕಿ ಮುಗಿದಿತ್ತು.

ಪರೀಕ್ಷಕಿ ಬಯ್ಯಲಿಲ್ಲ. ಕನ್ನಡಕ ತೆಗೆದಿಟ್ಟು ಮೆಲ್ಲಗೆ ಹೇಳಿದಳು: "ಸ್ವೆಟರ್ ಚೆನ್ನಾಗೇ ಕೂತಿದೆಯಮ್ಮ. ಆದ್ರೆ ಹಾಕಿದ್ದು ಅವರಲ್ಲ, ನೀವು."

ಅಂದು ಅವಳು ಬಸ್ಸು ಹತ್ತದೆ ನಡೆದೇ ಬಂದಳು. ಮನೆಯೊಡತಿ "ಏನಾಯ್ತು?" ಎಂದಾಗ "ಸಹಾಯ ಮಾಡಿದ್ದಕ್ಕೆ ಫೇಲ್" ಎಂದಳು. "ಇದೆಂಥ ನ್ಯಾಯ! ಅವರ ಮನೆ ಹಾಳಾಗ," ಎಂದು ಮನೆಯೊಡತಿ ಅವಳ ಪರವಾಗಿ ಬಯ್ದಳು. ನ್ಯಾಯವೇ ಎಂದು ಅವಳಿಗೆ ಗೊತ್ತಿತ್ತು. ಅಕ್ಕ ಹೋದಾಗಲೂ ಗೊತ್ತಿತ್ತು. ಮಂಡಳಿ ಅದನ್ನು ಬಾಯಿಬಿಟ್ಟು ಹೇಳಿತು, ಅಷ್ಟೆ.

ಮತ್ತೆ ಪರೀಕ್ಷೆಗೆ ಕೂರಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಎರಡನೇ ಸಲ ಸಿಕ್ಕಿದ್ದು ನಿವೃತ್ತ ಬಸ್ ಡ್ರೈವರ್, ಬಾಯಿ ಜೋರು. ಅಂಗಿಯೊಡನೆ ಹೆಣಗುತ್ತಲೇ ಅವಳನ್ನು ಓರೆಗಣ್ಣಲ್ಲಿ ನೋಡಿದ. "ಏನಮ್ಮ, ಸುಮ್ನೆ ನಿಂತ್ಕೊಂಡು ಸಂಬಳ ತಗೋತೀರಾ? ನಮ್ಮ ಕಂಡಕ್ಟರ್ ಹಂಗೇ ಇದ್ದ."

"ಸ್ಟೇರಿಂಗ್ ನಿಮ್ಮ ಕೈಲಿದೆ ಅಣ್ಣ. ನಾನು ಮುಟ್ಟಿದ್ರೆ ಆಕ್ಸಿಡೆಂಟು."

ಅವನು ನಕ್ಕ. ಒಂದು ಗುಂಡಿಯನ್ನು ಪಕ್ಕದ ತೂತಿಗೆ ಹಾಕಿ, ಅಂಗಿ ಸೊಟ್ಟಗಾಗಿ, ತಲೆ ತಗ್ಗಿಸಿ ಅದನ್ನೇ ನೋಡುತ್ತ ಕೂತ. ಅವನ ಗಲ್ಲ ನಡುಗತೊಡಗಿತು. ಅವಳು ಕಟ್ಟಿದ ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದಳು. ಇನ್ನೊಂದು ಕ್ಷಣ ಹೀಗೇ ಇದ್ದರೆ ಇವನು ಅಳುತ್ತಾನೆ, ಅಥವಾ ನಾನು ಅಳುತ್ತೇನೆ ಎಂದುಕೊಂಡಳು. ಮುಟ್ಟಲಿಲ್ಲ. ಅವನೇ ಬಿಚ್ಚಿದ. ಅವನೇ ಸರಿಯಾಗಿ ಹಾಕಿಕೊಂಡ. "ನೋಡಿದ್ರಾ!" ಎಂದು ಪರೀಕ್ಷಕಿಗೆ ಕೂಗಿ ಹೇಳಿದ, ಲೈಸೆನ್ಸು ಅವನಿಗೇ ಸಿಗುವುದೇನೋ ಎಂಬಂತೆ.

ಲೈಸೆನ್ಸು ಟಪಾಲಿನಲ್ಲಿ ಬಂತು. ಮನೆಯೊಡತಿ ಫೋಟೋ ನೋಡಿ "ಯಾಕಮ್ಮ, ಕಳ್ಳೀನ ಹಿಡಿದ ಹಾಗಿದೆ?" ಎಂದು ನಗಿಸಿ ಒಲೆಯ ಮೇಲಿಟ್ಟ ಹಾಲಿನ ನೆನಪಾಗಿ ಓಡಿದಳು. ಲೈಸೆನ್ಸು ಕೈಯಲ್ಲಿ ಹಿಡಿದು ಅವಳು ಬಾಗಿಲು ಹಾಕಿಕೊಂಡಳು. ಹೇಳಬೇಕು, ಯಾರಿಗೆ? ಹಳೆಯ ಆಸ್ಪತ್ರೆಯಲ್ಲಿ ಪಕ್ಕದ ಮೇಜಿನಲ್ಲಿದ್ದ ಗೆಳತಿಗೆ ಫೋನ್ ಮಾಡಿದಳು.

"ಬಂತು ಕಣೇ."

"ಏನೇ ಬಂತು?"

"ಲೈಸೆನ್ಸು."

ಗೆಳತಿ ಕಿರುಚಿದಳು, ಹಾರೈಸಿದಳು, ಹಿಂದೆ ಅವಳ ಬಾಯಲ್ಲೇ ಕೇಳಿದ್ದ ಪರೀಕ್ಷಕಿಯ ಮಾತನ್ನು ಅಣಕಿಸಿದಳು. ಆಮೇಲೆ ದನಿ ಇಳಿಸಿದಳು.

"ಅಂದ್ರೆ ನೀನಿನ್ನು ವಾಪಸ್ ಬರಲ್ಲ."

ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. ತಾನು ಯಾರು ಎಂದು ತಿಳಿಯಲು ಬೇಡಿದ್ದ ಪತ್ರ, ಎಲ್ಲಿರಬೇಕು ಎಂಬುದನ್ನೂ ಬರೆದುಕೊಂಡು ಬಂದಿತ್ತು. ಅಕ್ಕನಿಲ್ಲದ ಊರು, ಕಿಟಕಿ ಬಳಿಯ ಸ್ಟೂಲು, ಈ ಕೋಣೆ. ಆದರೂ ನಾಳೆ ಡ್ರೈವರನಂಥ ಇನ್ನೊಬ್ಬ ಬಂದು ಕೂರುತ್ತಾನೆ; ಆಗ ಅವನ ಎದುರು ನಿಲ್ಲುವ ಹಕ್ಕು ಅವಳದು.

"ನಿನ್ನ ಮೇಜು ಇನ್ನೂ ಯಾರಿಗೂ ಕೊಟ್ಟಿಲ್ಲ ಕಣೇ. ಯಾರು ಕೇಳಿದ್ರೂ ನೀನು ಬರ್ತೀಯ ಅಂತಾನೇ ಹೇಳಿದೀನಿ."

"ಕೊಟ್ಬಿಡು," ಎಂದಳು ಅವಳು.

ಆದರೆ ಇಬ್ಬರೂ ಫೋನ್ ಇಡಲಿಲ್ಲ.