ಕಾಲಿನ ಅಳತೆ

ಆಗ ನಮ್ಮ ಗುಳೇದಗುಡ್ಡದಲ್ಲಿ ಕೋಳಿಗಿಂತ ಮೊದಲು ಮಗ್ಗಗಳು ಕೂಗುತ್ತಿದ್ದವು. ಮನೆಮನೆಯಲ್ಲೂ ಕುಪ್ಪಸದ ಖಣ ನೇಯುವ ಸಪ್ಪಳ, ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ. ಅದರೊಳಗೇ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಏಳನೇ ಇಯತ್ತೆ ಮುಗಿದ ಬ್ಯಾಸಗಿ ಸೂಟಿ. ಓಟದಲ್ಲಿ ನಾನು ಇಡೀ ಸಾಲಿಗೇ ಮೊದಲಿಗ. ಓಡುವ ಹುಡುಗರನ್ನು ಇಟ್ಟುಕೊಂಡು ಕಲಿಸುವ ಸಾಲಿ ಬಾಗಲಕೋಟೆಯಲ್ಲಿ ಇದೆ ಎಂದು ಮಾಸ್ತರರು ಹೇಳಿದ್ದರು. ಅಪ್ಪನ ಮುಂದೆ ಬಾಯಿಬಿಟ್ಟೆ.

"ಕಳಸ್ತೀನಿ," ಅಂದ ಅಪ್ಪ. "ಆದ್ರ ಸೂಟಿ ಮುಗಿಯೂತನಕ ನಸುಕಿನ್ಯಾಗ ಏಳಬೇಕು, ಹಲ್ಲುಜ್ಜಿ ತಂಬಿಗಿ ನೀರು ಕುಡೀಬೇಕು, ಗುಡ್ಡ ಹತ್ತಿ ಇಳೀಬೇಕು. ಒಂದಿನಾನೂ ತಪ್ಪಬಾರದು. ಆಗತದೇನಲೇ?"

"ಆಗತದಪ್ಪಾ!"

ಮರುದಿನವೇ ಬಡಿಗೇರ ಕಾಳಪ್ಪ ಬಂದು, ನನ್ನ ಮೊಣಕಾಲಿನಿಂದ ಹಿಮ್ಮಡಿವರೆಗೆ ಕೆಂಪು ನೂಲು ಹಿಡಿದು ಗಂಟು ಹಾಕಿಕೊಂಡ.

"ಯಾಕ ಕಾಕಾ ಇದು?"

"ಓಟದ ಸಾಲ್ಯಾಗ ಕಾಲಿನ ಅಳತಿ ಕೇಳ್ತಾರ," ಎಂದು ಅಪ್ಪನೇ ಉತ್ತರ ಕೊಟ್ಟ. ಕಾಳಪ್ಪ ನನ್ನ ಮುಖ ನೋಡಲಿಲ್ಲ. ನಾನೋ ಗೆಳೆಯ ಹಣಮಂತನ ಮುಂದೆ ಕೊಚ್ಚಿಕೊಂಡೆ: "ನಿನ್ನ ಕಾಲು ಯಾರರ ಅಳದಾರೇನಲೇ?"

ಕಲ್ಲು ಇನ್ನೂ ತಣ್ಣಗಿರುವಾಗ ಬರಿಗಾಲಲ್ಲಿ ಹತ್ತುತ್ತಿದ್ದೆ. ಜ್ವರ ಬಂದ ದಿನವೂ ತಪ್ಪಿಸಲಿಲ್ಲ. ಇಳಿದು ಬಂದರೆ ಅವ್ವ ನೆನೆಸಿದ ಹೆಸರುಕಾಳು, ಬಿಸಿ ರೊಟ್ಟಿ, ಗಟ್ಟಿ ಮೊಸರು ಇಡುತ್ತಿದ್ದಳು. "ತಿನ್ನು ಮಗನ, ತಿನ್ನು," ಅನ್ನುತ್ತಿದ್ದಳು. ಓಟದ ಸುದ್ದಿ ಮಾತ್ರ ಒಂದು ದಿನವೂ ಕೇಳಲಿಲ್ಲ.

ಸಾಲಿ ಸುರುವಾಗುವ ಹಿಂದಿನ ದಿನ ಗುಡ್ಡ ಇಳಿದು ಬಂದೆ. ಅಜ್ಜ ತೀರಿದ ಮೇಲೆ ಮುಚ್ಚಿಟ್ಟಿದ್ದ ಅವನ ಮಗ್ಗದ ಕುಣಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ತಗ್ಗು, ತೆರೆದಿತ್ತು. ಕಾಳಪ್ಪ ಒಳಗೆ ಕೂತು ಹೊಸ ತುಳಿಗೋಲು ಕೂಡಿಸುತ್ತಿದ್ದ. ಕೈಯಲ್ಲಿ ಅದೇ ಕೆಂಪು ನೂಲು, ಅದೇ ಗಂಟು.

"ಬಾ, ಕಾಲಿಟ್ಟು ನೋಡು," ಅಂದ.

ಇಟ್ಟೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಅಪ್ಪಾ, ನಾ ಒಂದಿನಾನೂ ತಪ್ಪಿಸಿಲ್ಲಲ್ಲೋ."

"ಖರೆ. ಅದಕ್ಕ ಕಾಲು ಹೆಂಗ ಗಟ್ಟಿ ಆಗ್ಯಾವ ನೋಡು," ಅಪ್ಪ ನಕ್ಕ. "ದಿನಪೂರ್ತಿ ತುಳದ್ರೂ ಸೋಲಂಗಿಲ್ಲ."

ಅವ್ವನ ಕಡೆ ನೋಡಿದೆ. ಅವಳು ಒಲೆಯ ಕಡೆ ತಿರುಗಿದಳು.

ಅವತ್ತಿನಿಂದ ಅದೇ ಕುಣಿಯಲ್ಲಿ ದುಡಿದಿದ್ದೇನೆ. ನನ್ನ ಕೈಯ ಖಣಕ್ಕೆ ಇಳಕಲ್ ಸೀರೆ ನೇಯುವವರೂ ತಪ್ಪು ತೆಗೆದಿಲ್ಲ. ನಸುಕಿನಲ್ಲಿ ಏಳುವುದು, ತಂಬಿಗಿ ನೀರು, ಗುಡ್ಡ, ಯಾವುದನ್ನೂ ಬಿಟ್ಟಿಲ್ಲ. ದವಾಖಾನಿಯಲ್ಲಿ ಡಾಕ್ಟರು, "ಅರವತ್ತಾದ್ರೂ ಸಕ್ಕರಿ ಇಲ್ಲ, ಬಿಪಿ ಇಲ್ಲ. ಈ ರೂಢಿ ಯಾರು ಹಚ್ಚಿದ್ರೀ?" ಅನ್ನುತ್ತಾರೆ.

"ನಮ್ಮಪ್ಪ," ಅನ್ನುತ್ತೇನೆ. ಸುಳ್ಳೇನಲ್ಲ.

ಮೊನ್ನೆ ಮೊಮ್ಮಗಳು ಬೆನ್ನು ಹತ್ತಿದಳು. "ದಿನಾ ಬಂದ್ರ ಏನ್ ಕೊಡ್ತಿ ಅಜ್ಜಾ?"

"ಏನೂ ಕೊಡಂಗಿಲ್ಲ. ಬರೂದಾದ್ರ ಬಾ."

ಬಂದಳು. ಮೇಲೆ ಹೋಗಿ ನಿಂತಾಗ, ಕೆಳಗೆ ಒಂದೆರಡು ಮನೆಯಲ್ಲಷ್ಟೇ ಮಗ್ಗದ ಸಪ್ಪಳ. ಬಾಗಲಕೋಟೆ ಯಾವ ಕಡೆ ಎಂದು ಕೇಳಿದಳು. ಬೆರಳು ಮಾಡಿ ತೋರಿಸಿದೆ. ಆ ಬ್ಯಾಸಗಿ ದಿನಾ ಆ ಕಡೆ ನೋಡಿಯೇ ಇಳಿಯುತ್ತಿದ್ದೆ. ಆಮೇಲೆ ಇಷ್ಟು ವರ್ಷ ಹತ್ತಿದ್ದೇನೆ. ಆ ಕಡೆ ಮುಖ ಮಾಡಿ ನಿಂತದ್ದು ಮಾತ್ರ ಮೊನ್ನೆಯೇ ಮೊದಲು.