ವರಲಕ್ಷ್ಮಮ್ಮನ ಟೆಂಪೊ ಕುದಿದದ್ದು

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಿನಂತಿದೆ, ಕ್ಷಮಿಸಬೇಕು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳಿಗೆ ಒಳ್ಳೆಯ ಮಾತುಗಳೂ ಒದಗುವುದಿಲ್ಲ. ಅನುಮಾನ ಬಂದ ಕಡೆಯೆಲ್ಲ ವರಲಕ್ಷ್ಮಮ್ಮನನ್ನು ಎರಡೆರಡು ಸಲ ಕೇಳಿ ಬರೆದದ್ದಾಗಿದೆ. ಎರಡನೇ ಸಲ ಕೇಳಿದಾಗ ಆಕೆ ಬೈದದ್ದನ್ನು ಬಿಟ್ಟಿದೆ.

ದಿಬ್ಬೂರಹಳ್ಳಿಯಲ್ಲಿ ಟೆಂಪೊ ಓಡಿಸುವ ಹೆಂಗಸು ವರಲಕ್ಷ್ಮಮ್ಮ ಒಬ್ಬಳೇ. ಗಂಡ ಮುನಿಗಂಗಪ್ಪ ತೀರಿಕೊಂಡಾಗಲೇ ಗಾಡಿ ಹಳೆಯದಾಗಿತ್ತು. "ಮಾರಿಬಿಡಮ್ಮ" ಎಂದವರಿಗೆ, "ಮೊದ್ಲು ನಿಮ್ ಮೀಸೆ ಮಾರ್ಕೊಳಿ" ಎಂದು ಹೇಳಿ, ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಬಂದಳು. ಊರವರ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ, ಟೊಮೆಟೊವನ್ನು ಚಿಂತಾಮಣಿಗೆ ಸಾಗಿಸುವುದು ಆಕೆಯ ಬದುಕು. ಆಕೆ ಹೊಗಳಿದ ಗಂಡಸನ್ನು ಈವರೆಗೆ ಯಾರೂ ಕಂಡಿಲ್ಲ. ಸತ್ತ ಮುನಿಗಂಗಪ್ಪನೊಬ್ಬನಿಗೆ ರಿಯಾಯಿತಿ. ಅವನು ಹೇಳಿಕೊಟ್ಟದ್ದನ್ನೆಲ್ಲ ಆಕೆ ಇಂದಿಗೂ ತಪ್ಪದೆ ಮಾಡುತ್ತಾಳೆ. ಒಮ್ಮೆ ಮಾರ್ಕೆಟ್ಟಿನಲ್ಲಿ ಗೂಡಿನ ಮೇಲಿನ ನವಿರಾದ ಎಳೆಗಳು ಹಾರಿಬಂದು ರೇಡಿಯೇಟರಿಗೆ ಮೆತ್ತಿಕೊಂಡಿದ್ದವಂತೆ. ಅಂದಿನಿಂದ ಗೂಡು ಹೇರಿದ ದಿನ ಗಾಡಿಯ ಮುಂದಿನ ಜಾಲರಿಗೆ ರೇಷ್ಮೆಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣವನ್ನು ತಡೆಯುವ ಬಲೆಯ ತುಂಡೊಂದನ್ನು ಕಟ್ಟುವುದು ಆ ಮನೆಯ ಪದ್ಧತಿ.

ಈ ವರ್ಷ ಗಾಡಿ ಕಾಯತೊಡಗಿತು. ದಿನವೂ ಅಲ್ಲ. ಗೂಡು ಹೇರಿಕೊಂಡು ಹೊರಟ ಬೆಳಗ್ಗೆ, ದಾರಿಯ ದೊಡ್ಡ ಏರು ಹತ್ತುವಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು, ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ನಿಲ್ಲಿಸಿ ಇಂಜಿನ್ ಆರಿಸಿಕೊಂಡು ಮಾರ್ಕೆಟ್ ಮುಟ್ಟುವಷ್ಟರಲ್ಲಿ ಹರಾಜು ಮುಗಿಯುತ್ತ ಬಂದಿರುತ್ತಿತ್ತು. ಗೂಡು ಇಳಿಸಿದ ಮೇಲೆ, ಯಾರಾದರೂ ಕದ್ದಾರೆಂದು ಬಲೆ ಬಿಚ್ಚಿ ಸೀಟಿನಡಿ ತುರುಕಿ, ಅಲ್ಲಿಂದ ನೇರ ಕೋನಪ್ಪನ ಗ್ಯಾರೇಜಿಗೆ ಹೋಗುತ್ತಿದ್ದಳು. ಅಲ್ಲಿ ಗಾಡಿ ಹಸುವಿನಂತೆ ನಿಲ್ಲುತ್ತಿತ್ತು.

"ಎಲ್ ಕಾಯ್ತೈತೆ ಅಕ್ಕಾ? ಅರ್ಧ ಗಂಟೆಯಿಂದ ಮುಳ್ಳು ನಡುವಲ್ಲೇ ನಿಂತೈತೆ" ಎಂದ ಕೋನಪ್ಪ.

"ನಿನ್ ಮುಖ ನೋಡಿ ಅದಕ್ಕೂ ಕೈಕಾಲು ತಣ್ಣಗಾಗಿರಬೇಕು."

ಮೊದಲ ಸಲ ಅವನು ರೇಡಿಯೇಟರಿನ ಮುಚ್ಚಳ ಬದಲಾಯಿಸಿದ. ಎರಡನೇ ಸಲ ಇಂಜಿನ್ನಿನ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಕಿತ್ತು ಕೈಯಲ್ಲಿ ಹಿಡಿದು, "ಇದೇ ನೋಡಕ್ಕ ಕಳ್ಳ" ಎಂದು ಮೂಲೆಗೆಸೆದ. ಕಳ್ಳ ಹೋದ ಮೇಲೂ ಗಾಡಿ ಕಾಯಿತು. ಮೂರನೇ ಸಲ ಅವನು ಬಾನೆಟ್ಟನ್ನೇ ಎತ್ತಲಿಲ್ಲ.

"ಹೆಡ್ ಗ್ಯಾಸ್ಕೆಟ್ ಹೋಗೈತೆ. ಇಂಜಿನ್ ಮುಗೀತು. ಗುಜರಿಗೆ ಹಾಕ್ಬಿಡಕ್ಕ."

"ಗ್ಯಾಸ್ಕೆಟ್ ಹೋದ್ರೆ ನೀರಲ್ಲಿ ಆಯಿಲ್ ಬೆರೀಬೇಕಲ್ಲ, ಬೆರೆತೈತಾ?"

"ಇಲ್ಲ."

"ಬಿಳೀ ಹೊಗೆ ಬರ್ತೈತಾ?"

"ಇಲ್ಲ."

"ಮತ್ತೆ ಹೆಂಗ್ ಗೊತ್ತಾಯ್ತು ನಿಂಗೆ?"

"ಇಪ್ಪತ್ತೈದು ವರ್ಷದ ಅನುಭವ ಅಕ್ಕಾ!"

"ಇಪ್ಪತ್ತೈದು ವರ್ಷದಿಂದ ಒಂದೇ ಸ್ಪ್ಯಾನರ್ ತಿರುಗಿಸ್ತಿದ್ದೀಯ ಅನ್ನು."

ಬೈದು ಬಂದಳೇನೋ ಸರಿ, ಊರಿನಲ್ಲಿ ಕೊಂಡಪ್ಪ ಕಾಯುತ್ತಿದ್ದ. ಅವನು ಊರಿಗೇ ಹೆಚ್ಚು ಗೂಡು ಬೆಳೆಯುವವನು. ಅವನು ಕರೆದ ಗಾಡಿಯನ್ನೇ ಉಳಿದವರೂ ಕರೆಯುತ್ತಾರೆ.

"ಗುರುವಾರ ನನ್ ಗೂಡು ಹೊರಡ್ತದೆ ವರಲಕ್ಷ್ಮಮ್ಮ. ನಾನೂ ಜತೇಲೇ ಬರ್ತೀನಿ. ಹರಾಜಿಗೆ ಹೊತ್ತಾಯ್ತೋ, ಮುಂದಿನ ಬೆಳೆಗೆ ಬೇರೆ ಗಾಡಿ."

"ಬಾರಪ್ಪ. ಗೂಡಿಗಿಂತ ನೀನೇ ಭಾರ, ಆದ್ರೂ ಬಾ."

ಮಾತು ಹಾಗಿದ್ದರೂ ಲೆಕ್ಕ ಆಕೆಗೆ ಗೊತ್ತಿತ್ತು. ಗೂಡಿನ ಬಾಡಿಗೆ ತಪ್ಪಿದರೆ ಕೋನಪ್ಪ ಹೇಳಿದ ಗುಜರಿಯೇ ಗತಿ.

ಬುಧವಾರ ಚಿಂತಾಮಣಿಗೆ ಟೊಮೆಟೊ ಹೊಡೆದಳು. ಕ್ರೇಟುಗಳು ಕ್ಯಾಬಿನ್ನಿನ ಎತ್ತರಕ್ಕಿದ್ದವು, ಮೇಲೆ ಸುಡುವ ಬಿಸಿಲು. ಮುಳ್ಳು ನಡುಗೆರೆ ದಾಟಲಿಲ್ಲ. ಬರುವಾಗ ಆಕೆ ಸ್ಟೇರಿಂಗಿನೊಂದಿಗೂ ಅಲ್ಲಿಲ್ಲದ ಕೋನಪ್ಪನೊಂದಿಗೂ ಜಗಳಕ್ಕಿಳಿದಳು. "ಟೊಮೆಟೊ ಭಾರ, ಗೂಡು ಹಗುರ. ಭಾರ ಹೊತ್ತರೆ ತಣ್ಣಗಿರ್ತೀಯ, ಹಗುರ ಹೊತ್ತರೆ ಕುದೀತೀಯ. ಗ್ಯಾಸ್ಕೆಟ್ಟಿಗೆ ಟೊಮೆಟೊ ಕಂಡ್ರೆ ಇಷ್ಟ, ಗೂಡು ಕಂಡ್ರೆ ಆಗಲ್ಲ ಅಂತೀಯೇನೋ ಕೋನಪ್ಪ?"

ಮನೆಗೆ ಬಂದವಳು ಗಾಡಿಯ ಬಾಗಿಲಲ್ಲೇ ನಿಂತು ಎರಡು ಪ್ರಯಾಣಕ್ಕೂ ಇರುವ ವ್ಯತ್ಯಾಸವನ್ನು ಬೆರಳು ಮಡಿಸಿ ಲೆಕ್ಕ ಹಾಕಿದಳು. ಅದೇ ರಸ್ತೆಯಲ್ಲ, ಸರಿ. ಆದರೆ ಚಿಂತಾಮಣಿ ದಾರಿಯಲ್ಲೂ ಏರಿದೆ. ಗೂಡಿಗೆ ಬೆಳಗ್ಗೆ ಹೊರಡುವುದು, ಆಗ ಇನ್ನೂ ತಂಪು. ಮೂರನೇ ಬೆರಳು ಮಡಿಸುವಾಗ ಸೀಟಿನಡಿಯ ಬಲೆ ಕಣ್ಣಿಗೆ ಬಿತ್ತು.

ಹಳೆಯ ಬಲೆ ಹರಿದುಹೋಗಿದ್ದರಿಂದ ಈ ವರ್ಷ ಆಕೆ ರೇಷ್ಮೆಹುಳು ಸಾಕುವ ಮನೆಯೊಂದರ ಕಿಟಕಿಯದನ್ನು ತಂದು, ಭದ್ರವಾಗಿರಲೆಂದು ನಾಲ್ಕು ಮಡಿಕೆ ಮಾಡಿ ಕಟ್ಟುತ್ತಿದ್ದಳು. ಅಲ್ಲಿ ಹುಳುಗಳಿಗೆ ರೋಗ ಬಾರದಿರಲೆಂದು ಎರಚುವ ಸುಣ್ಣದ ಪುಡಿಯೆಲ್ಲ ಅದರ ಕಣ್ಣುಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಮುಖದೆದುರು ಹಿಡಿದು ಜೋರಾಗಿ ಊದಿದಳು. ಉಸಿರು ಆಚೆ ಹೋಗಲಿಲ್ಲ, ಸುಣ್ಣ ಈಚೆ ಬಂದು ಮೂಗು ತುಂಬಿತು. ಇದರ ಹಿಂದೆ ಕೂತ ರೇಡಿಯೇಟರಿಗೆ ತಣ್ಣಗಾಗಲು ಗಾಳಿ ಎಲ್ಲಿಂದ ಸಿಗಬೇಕು?

ಬೇರೆ ಯಾರಾದರೂ ಬಲೆಯನ್ನು ಆಗಲೇ ಬಿಸಾಡುತ್ತಿದ್ದರು. ಆಕೆ ಬಿಸಾಡಲಿಲ್ಲ. ಬಲೆ ಇಲ್ಲದೆ ಹೋಗಿ ಗಾಡಿ ಕಾಯದಿದ್ದರೆ, ಅದು ಬಲೆಯಿಂದಲೇ ಎಂದು ಹೇಗೆ ಹೇಳುವುದು? ಗುರುವಾರ ಅರ್ಧ ಗಂಟೆ ಮುಂಚೆಯೇ ಹೊರಟು, ಎಂದಿನಂತೆಯೇ ಬಲೆ ಕಟ್ಟಿದಳು. ಪಕ್ಕದಲ್ಲಿ ಕೊಂಡಪ್ಪ. ಏರಿನ ಬುಡದಲ್ಲಿ ಮುಳ್ಳು ಮೇಲೇಳತೊಡಗಿತು.

"ನೋಡು, ನೋಡು! ನಾನ್ ಹೇಳ್ಲಿಲ್ವಾ?" ಎಂದ ಕೊಂಡಪ್ಪ.

"ಬಾಯ್ಮುಚ್ಕೊಂಡು ಮುಳ್ಳು ನೋಡ್ತಾ ಕೂತ್ಕೊ."

ಗಾಡಿ ನಿಲ್ಲಿಸಿ ಬಲೆ ಬಿಚ್ಚಿದಳು. ಮತ್ತೇನನ್ನೂ ಮುಟ್ಟಲಿಲ್ಲ. ತುಸು ಹೊತ್ತು ಆರಿಸಿ ಮತ್ತೆ ಹೊರಟಾಗ, ಏರು ಹತ್ತಿ ಮುಗಿಯುವವರೆಗೂ ಮುಳ್ಳು ನಡುಗೆರೆಯಲ್ಲೇ ಇತ್ತು.

"ನನ್ ಕೈಯಾರೆ ಅದರ ಮೂಗು ಕಟ್ಟಿ, ಉಸಿರಾಡಲ್ಲ ಅಂತ ಬೈತಿದ್ದೆ ನೋಡು" ಎಂದಳು ವರಲಕ್ಷ್ಮಮ್ಮ.

ಕೊಂಡಪ್ಪ ನಕ್ಕ. "ಊರೆಲ್ಲ ಬೈಯೋಳು ಇವತ್ತೊಂದಿನ ನಿನ್ನನ್ನೇ ಬೈಕೊ."

"ಬೈಕೊಂಡಾಯ್ತು. ಈಗ ಕೋನಪ್ಪನ ಸರದಿ."

ಹರಾಜಿಗೆ ಮುಂಚೆಯೇ ಗೂಡು ಇಳಿಯಿತು. ಮುಂದಿನ ಬೆಳೆಗೂ ನಿನ್ನ ಗಾಡಿಯೇ ಎಂದು ಕೊಂಡಪ್ಪ ಬೇರೆ ಕಡೆ ನೋಡುತ್ತ ಹೇಳಿದ. ಗ್ಯಾರೇಜಿನಲ್ಲಿ ಆಕೆ ಬಲೆಯನ್ನು ಕೋನಪ್ಪನ ಮುಂದೆ ಕೊಡವಿದಳು. ಅವನು ಕೆಮ್ಮುತ್ತ, "ಇದನ್ನ ಕಟ್ತೀಯ ಅಂತ ನೀನ್ ಹೇಳ್ಲೇ ಇಲ್ವಲ್ಲಕ್ಕ" ಎಂದ.

"ಹೆಂಗ್ ಓಡಿಸ್ತೀಯ ಅಂತ ಮೂರು ಸಲದಲ್ಲಿ ಒಂದು ಸಲ ನೀನ್ ಕೇಳಿದ್ಯಾ?"

ಇದನ್ನು ಬರೆಯುತ್ತಿರುವುದು ಅದೇ ಗುರುವಾರ ರಾತ್ರಿ. ಆ ಬಲೆಯನ್ನು ಆಕೆ ನಾಳೆ ಒಗೆದು ಹುಳು ಮನೆಯ ಕಿಟಕಿಗೇ ಮೊಳೆ ಹೊಡೆದು ಕೂರಿಸುತ್ತಾಳೆ. ಸೋಮವಾರ ಕೋನಪ್ಪನಿಂದ, ಅವನು ಕಿತ್ತೆಸೆದದ್ದರ ಬದಲು, ಹೊಸ ಥರ್ಮೋಸ್ಟಾಟ್ ಹಾಕಿಸಿಕೊಳ್ಳುತ್ತಾಳೆ, ಅವನು ಕೊನೆಯ ಬೋಲ್ಟ್ ಬಿಗಿಯುವವರೆಗೂ ಪಕ್ಕದಲ್ಲೇ ನಿಂತಿರುತ್ತಾಳೆ.